ಭಾವ ನಿಲ್ಲಿಸಿದ ಮೂರನೇ ಸಾಲು

ನಮ್ಮ ಭಾವ, ಒಂದು ದಿನ ಬಿಟ್ಟರೆ, ತಮ್ಮ ಜೀವಮಾನದಲ್ಲಿ ಒಂದೇ ಒಂದು ಹಾಡನ್ನೂ ಕೊನೆಯವರೆಗೆ ಕೇಳಿದವರಲ್ಲ. ಹಾಗಿದ್ದೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ಸಂಗೀತ ಕೇಳುವುದನ್ನು ಕಲಿಸಿದವರು ತಾವೇ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಇವೆರಡರಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹನ್ನೆರಡು ವರ್ಷ ಅವರ ಪಕ್ಕದಲ್ಲೇ ಇದ್ದು ನೋಡಿದವನಾಗಿ ಹೇಳುತ್ತೇನೆ: ಎರಡೂ ನಿಜ!

ನಾನು ಉಪ್ಪು ಖಾರ ಸೇರಿಸಿ ಹೇಳುವವನಲ್ಲ. ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಅದಕ್ಕೂ ಒಂದು ಕಾರಣವಿದೆ. ಈ ಕತೆಯ ಕೊನೆಯಲ್ಲಿ ನಾನು ಕಂಡದ್ದನ್ನು ನೆನೆದರೆ ಇವತ್ತಿಗೂ ನನ್ನ ಪೆನ್ನು ಒಂದು ಗಳಿಗೆ ನಿಂತುಬಿಡುತ್ತದೆ. ಆದ್ದರಿಂದ ಅವಸರ ಮಾಡದೆ, ಆದ ಕ್ರಮದಲ್ಲೇ ಹೇಳುತ್ತೇನೆ. ಅವಸರಕ್ಕೆ ಭಾವ ಒಬ್ಬರೇ ಸಾಕು.

ಅವಸರವೆಂದರೆ ಎಂಥದ್ದು! ಭಾವ ಕೂತರೆ ಮೊಣಕಾಲು ಕುಣಿಯುತ್ತಿತ್ತು, ನಿಂತರೆ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಊಟಕ್ಕೆ ಕೂತವರು ಸಾರಿಗೂ ಮಜ್ಜಿಗೆಗೂ ನಡುವೆ ಒಮ್ಮೆ ಎದ್ದು ಬೀದಿ ನೋಡಿ ಬರುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತಿದ್ದರು. ಒಮ್ಮೆ ಮಧುಗಿರಿಯ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೇ ಎದ್ದು ಹೋದವರು, ಮಿಕ್ಕರ್ಧ ಬೋಳಿಸಿಕೊಂಡದ್ದು ಕೊರಟಗೆರೆಯಲ್ಲಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರಿಗೆ ಸರ್ಕಾರ ಕೊಟ್ಟ ಕೆಲಸ ಪಂಚಾಯ್ತಿ ರೇಡಿಯೋಗಳನ್ನು ನೋಡಿಕೊಳ್ಳುವುದು. ಅದು ಐವತ್ತರ ದಶಕ. ಹಳ್ಳಿಗಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕೆಲವು ಊರುಗಳ ಪಂಚಾಯ್ತಿ ಕಟ್ಟೆಗೆ ಒಂದೊಂದು ಬ್ಯಾಟರಿ ರೇಡಿಯೋ ಬಂದಿತ್ತು. ಭಾವ ಸೈಕಲ್ಲಿನ ಕ್ಯಾರಿಯರಿಗೆ ಇಟ್ಟಿಗೆಯಂಥ ಬ್ಯಾಟರಿಗಳನ್ನು ಕಟ್ಟಿಕೊಂಡು ಊರೂರು ಸುತ್ತಬೇಕು, ಸತ್ತ ಬ್ಯಾಟರಿ ತೆಗೆದು ಹೊಸದು ಹಾಕಬೇಕು, ಬೇವಿನ ಮರಕ್ಕೆ ಕಟ್ಟಿದ ಏರಿಯಲ್ ತಂತಿಯ ಮೇಲೆ ಯಾರಾದರೂ ಪಂಚೆ ಒಣಹಾಕಿದ್ದರೆ ತೆಗೆಸಬೇಕು. ಕೆಲಸ ಇಷ್ಟೇ. ಹಳ್ಳಿಯವರಿಗೆ ಹಾಡುಗಾರರನ್ನು ಪರಿಚಯ ಮಾಡಿಕೊಡಿ ಎಂದು ಸರ್ಕಾರ ಎಲ್ಲೂ ಬರೆದುಕೊಟ್ಟಿರಲಿಲ್ಲ. ಅದನ್ನು ಭಾವ ತಾವಾಗಿಯೇ ತಲೆಗೆ ಹಚ್ಚಿಕೊಂಡರು. ಯಾಕೆ ಹಚ್ಚಿಕೊಂಡರು ಎನ್ನುವುದಕ್ಕೆ ಅವರು ಹೆಣ್ಣು ನೋಡಲು ಬಂದ ದಿನಕ್ಕೆ ಹೋಗಬೇಕು.

ಅವರು ನೋಡಲು ಬಂದದ್ದು ನಮ್ಮಕ್ಕನನ್ನು. ಕೊಳಾಲದ ನಮ್ಮ ಮನೆಯ ಹಜಾರದಲ್ಲಿ ಭಾವ, ಅವರ ತಾಯಿ, ಒಬ್ಬರು ದೊಡ್ಡಪ್ಪ ಚಾಪೆಯ ಮೇಲೆ ಕೂತಿದ್ದರು. ನನಗಾಗ ಹದಿನೇಳು. ಉಪ್ಪಿಟ್ಟಿನ ತಟ್ಟೆಗಳನ್ನು ಹಂಚಿ ಕಂಬದ ಪಕ್ಕ ನಿಂತಿದ್ದೆ. ಹೆಣ್ಣು ನೋಡುವಾಗ ಕೇಳುವುದನ್ನು ಅವರ ತಾಯಿ ಕೇಳಿದರು: "ಒಂದು ಹಾಡು ಹೇಳಮ್ಮ."

ಅಕ್ಕ ಹಾಡಿದಳು. ಬೆಟ್ಟದ ದೇವರನ್ನು ಮನೆಗೆ ಕರೆಯುವ ಹಾಡು. ನಮ್ಮಜ್ಜಿ ಹಾಡುತ್ತಿದ್ದದ್ದು. ಪಲ್ಲವಿ ಆಯಿತು. ಮೊದಲ ಸಾಲಾಯಿತು, ಎರಡನೇ ಸಾಲಾಯಿತು. ಮೂರನೇ ಸಾಲಿಗೆ ಅಕ್ಕ ದನಿಯನ್ನು ಮೇಲಕ್ಕೆತ್ತಿದಳು.

"ನಿಲ್ಸಿ, ನಿಲ್ಸಿ!"

ಭಾವ ಚಾಪೆಯಿಂದ ಎದ್ದೇ ನಿಂತಿದ್ದರು! "ಮೂರನೇ ಸಾಲು ಕೆಳಗಿಳೀಬೇಕು. ನೀವು ಮೇಲಕ್ಕೆ ಹತ್ತಿಸಿಬಿಟ್ರಿ. ಇಂಥ ಹಾಡನ್ನ ಮೈಸೂರಿನ ಕಡೆ ಒಬ್ಬರು ವಿದುಷಿ ಹಾಡ್ತಾರೆ, ಕೇಳಬೇಕು ನೀವು..." ಎಂದು ಶುರು ಮಾಡಿದವರು ಆ ವಿದುಷಿಯ ಹುಟ್ಟೂರು, ಗುರುಗಳು, ದನಿ ಒಡೆಯದಿರಲಿ ಎಂದು ಆಕೆ ಏನು ತಿನ್ನುತ್ತಾರೆ, ಏನು ಬಿಡುತ್ತಾರೆ, ಎಲ್ಲವನ್ನೂ ವಿವರಿಸಿದರು. ಉಪ್ಪಿಟ್ಟು ತಣ್ಣಗಾಯಿತು. ದೊಡ್ಡಪ್ಪ ತೂಕಡಿಸಿದರು. ಕೊನೆಗೆ ನಮ್ಮಪ್ಪ, "ಹುಡುಗಿ ಹಾಡು ಮುಗಿಸಬಹುದಾ?" ಎಂದರೆ ಭಾವ, "ಬೇಡಿ ಬೇಡಿ, ಗೊತ್ತಾಯ್ತು. ನನಗೆ ಒಪ್ಪಿಗೆ!" ಎಂದುಬಿಟ್ಟರು.

ಒಳಗೆ ಅಮ್ಮ ಅಕ್ಕನನ್ನು ಕೇಳಿದಳು: "ನಿನಗೇನನ್ನಿಸ್ತೇ?"

ಅಕ್ಕ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತಿದಳು. "ಮನುಷ್ಯ ಕೆಟ್ಟೋರಲ್ಲ ಕಣಮ್ಮ. ಆಗ್ಲಿ. ಆದ್ರೆ ಅವ್ರ ಮುಂದೆ ನಾನು ಇನ್ನು ಬಾಯ್ಬಿಟ್ಟು ಒಂದು ಸಾಲೂ ಹಾಡಲ್ಲ. ಇದನ್ನ ಈಗ್ಲೇ ಹೇಳ್ಬುಡಿ."

ಅಪ್ಪ ಹೊರಗೆ ಬಂದು ಹಾಗೇ ಹೇಳಿದರು. ಭಾವ ಗಹಗಹಿಸಿ ನಕ್ಕರು. ಹುಡುಗಿ ಚೂಟಿ ಎಂದು ಹೊಗಳಿದರು. ಮದುವೆಯಾಗಿ ಮಧುಗಿರಿಯಲ್ಲಿ ಸಂಸಾರ ಹೂಡಿ ಒಂದು ತಿಂಗಳಾಯಿತು, ಎರಡಾಯಿತು, ಆರಾಯಿತು. ಆಮೇಲೆ ಅವರು ಆ ಮಾತಿಗೆ ನಗುವುದನ್ನು ಬಿಟ್ಟರು.

ನಾನು ಓದಲೆಂದು ಅವರ ಮನೆಗೆ ಸೇರಿಕೊಂಡವನು, ಮೇಷ್ಟ್ರಾದ ಮೇಲೂ ಅಲ್ಲೇ ಉಳಿದೆ. ಹಾಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರಿನದೇ. ಅಕ್ಕ ಭಾವನ ಎದುರು ಹಾಡಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ರಾಗಿಮುದ್ದೆಗೆ ಬೇಕಾದ ಸಾರು, ಇಸ್ತ್ರಿ ಮಾಡಿದ ಅಂಗಿ, ಬುತ್ತಿ, ಎಲ್ಲ ಸರಿಯಾಗಿಯೇ ಸಿಗುತ್ತಿತ್ತು. ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರೆಲ್ಲ ಸೇರಿ ಹಾಡಿದರೆ ಅಕ್ಕ ಆರತಿ ತಟ್ಟೆ ಹಿಡಿದು ನಗುತ್ತಾ ನಿಂತಿರುತ್ತಿದ್ದಳು, ತುಟಿ ಮಾತ್ರ ಮುಚ್ಚಿ. ಕಿಟಕಿಯಾಚೆ ಭಾವ ಇದ್ದಾರಲ್ಲ!

ಭಾವನಿಗೆ ಇದರಿಂದ ತಮ್ಮ ತಪ್ಪು ಅರ್ಥವಾಯಿತೆ? ಎಲ್ಲಿಯ ಮಾತು! ಅವರಿಗೆ ಅರ್ಥವಾದದ್ದೇ ಬೇರೆ. "ಲೇ ಬಾಮೈದ, ನಿಮ್ಮಕ್ಕನಿಗೆ ಒಳ್ಳೇ ಸಂಗೀತದ ಪರಿಚಯ ಇಲ್ಲ ಕಣೋ. ಸರಿಯಾದ ಒಬ್ಬ ಹಾಡುಗಾರನ್ನ ಸರಿಯಾಗಿ ಪರಿಚಯ ಮಾಡಿಕೊಟ್ರೆ ಸಾಕು, ತಾನೇ ತಾನಾಗಿ ಬಾಯಿ ಬಿಡ್ತಾಳೆ. ಆವತ್ತಿನ ಹಾಡನ್ನ ಅವಳ ಬಾಯಿಂದ ಕೇಳದಿದ್ರೆ ಕೇಳು!"

ಅವತ್ತಿನಿಂದ ಅವರ ಬದುಕಿಗೆ ಇದೊಂದೇ ಗುರಿ. ತಾಲೀಮು ಹಳ್ಳಿಗಳಲ್ಲಿ, ಪ್ರಯೋಗ ಮನೆಯಲ್ಲಿ.

ರಜಾ ದಿನಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಭಾನುವಾರ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಆಚೆ ಒಂದು ಊರು. ಕಟ್ಟೆಯ ಮೇಲೆ ಕಂಬಳಿ ಹೊದ್ದ ಕುರಿಗಾಹಿಗಳು ಸೇರಿದ್ದರು. ಭಾವ ಹೊಸ ಬ್ಯಾಟರಿ ಹಾಕಿದರು. ಆದರೆ ರೇಡಿಯೋ ತಿರುಗಿಸಲಿಲ್ಲ. ಅದಕ್ಕೆ ಬೆನ್ನು ಮಾಡಿ ನಿಂತು ಉತ್ತರದ ಕಡೆಯ ಸಂಗೀತದ ಪರಿಚಯಕ್ಕೆ ತೊಡಗಿದರು.

"ನೋಡಿ, ಈ ಉಸ್ತಾದರು ಶುರು ಮಾಡಿದಾಗ ಮಾತೇ ಇರಲ್ಲ, ಬರೀ 'ಆ' ಅಂತಾರೆ. ಗಾಬರಿ ಬೀಳಬೇಡಿ. ಬೆಳಗ್ಗೆ ರೊಪ್ಪದ ಬಾಗಿಲು ತೆಗೀತೀರಲ್ಲ, ಕುರಿ ಒಂದೇ ಸಲಕ್ಕೆ ನುಗ್ತವಾ? ಮೊದಲು ಒಂದು ಹಳೇ ಕುರಿ ಮೂತಿ ಹಾಕಿ ನೋಡುತ್ತೆ. ಒಳಗೆ ಹೋಗುತ್ತೆ. ಮತ್ತೆ ಬರುತ್ತೆ. ಹಾಗೆ ಸ್ವರ. ಒಂದೊಂದೇ ಆಚೆ ಬಂದು, ಮೆಲ್ಲಗೆ..."

ಎಷ್ಟು ಚೆಂದದ ಮಾತು! ಬೇರೆ ಯಾರಾದರೂ ಆಡಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಭಾವ ಒಂದೊಂದು ಕುರಿಯನ್ನೂ ಬಿಡದೆ ಹೊರಗೆ ಕರೆದರು. ಕಡೆಗೆ ಒಬ್ಬ ಮುದುಕ ಕೈ ಎತ್ತಿದ.

"ಅಲ್ಲಾ ಸ್ವಾಮಿ, ಇಷ್ಟೊತ್ಗೆ ನಮ್ ಕುರಿ ಬಯಲ್ಗೋಗಿ ಮೇದು ನೀರ್ ಕುಡ್ದು ಬಂದ್ಬುಡ್ತಿದ್ವು. ನಿಮ್ಮವು ಇನ್ನೂ ರೊಪ್ದಾಗೇ ಅವ್ವಲ್ಲ!"

ಎಲ್ಲ ನಕ್ಕರು. ಭಾವ ಅವಸರದಿಂದ ರೇಡಿಯೋ ತಿರುಗಿಸಿದರು. ಅಷ್ಟರಲ್ಲಿ ಉಸ್ತಾದರು ಹಾಡಿ ಮುಗಿಸಿ ಹೊರಟೇ ಹೋಗಿದ್ದರು. ಪೆಟ್ಟಿಗೆಯೊಳಗಿಂದ ಒಬ್ಬರು ಗಂಭೀರವಾದ ದನಿಯಲ್ಲಿ ಪೇಟೆ ಧಾರಣೆ ಓದುತ್ತಿದ್ದರು. ಕಡಲೆಕಾಯಿ, ಹುಣಸೆಹಣ್ಣು, ಕುರಿ ಉಣ್ಣೆ. ಕಟ್ಟೆಯಲ್ಲಿ ಉಸಿರಿನ ಸದ್ದೂ ಇಲ್ಲ. ಮುಗಿದ ಮೇಲೆ ಅದೇ ಮುದುಕ ತಲೆದೂಗಿ ಹೇಳಿದ:

"ಭೇಷಾಗವ್ನೆ ಕಣ್ ಸ್ವಾಮಿ ನಿಮ್ ಉಸ್ತಾದಿ. ಒಂದೊಂದ್ ಮಾತೂ ಅರ್ಥ ಆಯ್ತದೆ."

ಇನ್ನೊಮ್ಮೆ ಪಾವಗಡ ತಾಲ್ಲೂಕಿನ ಬಲಸಮುದ್ರ. ಅಲ್ಲಿ ಮಾತೆಲ್ಲ ಅರ್ಧಕ್ಕರ್ಧ ತೆಲುಗು. ರೇಡಿಯೋ ಕಾಯಲಿ ಎಂದು ಮೊದಲೇ ತಿರುಗಿಸಿಟ್ಟು, ದನಿ ಸಣ್ಣ ಮಾಡಿ, ಭಾವ ಸಿನಿಮಾ ಹಾಡುಗಳ ಪರಿಚಯಕ್ಕೆ ನಿಂತರು. ಹಿಂದಿಯ ಒಬ್ಬ ಗಾಯಕನ ದನಿ ಹೊಸ ಮಡಕೆಯ ನೀರಿದ್ದ ಹಾಗೆ, ಇನ್ನೊಬ್ಬನದು ಹುರಿದ ಕಡಲೆಕಾಯಿಯ ಹಾಗೆ, ಒಬ್ಬ ಗಾಯಕಿಯದು ಎಳೆ ಹುಣಸೆಯ ಹಾಗೆ. ಹೀಗೆ ಒಂದು ಸಂತೆಯನ್ನೇ ಹರಡಿದರು. ಮುಂದೆ ಕೂತ ಒಬ್ಬ ಅಜ್ಜಿಗೆ ತಡೆಯಲಾಗಲಿಲ್ಲ.

"ಏಮಯ್ಯಾ, ಅನ್ನೀ ಮಾಟಲೇನಾ? ಪಾಟ ಉಂದಾ ಲೇದಾ?" ಬರೀ ಮಾತೇನಾ, ಹಾಡು ಇದೆಯೋ ಇಲ್ಲವೋ!

"ಉಂದಮ್ಮಾ, ಉಂದಿ! ಒಕ್ಕ ನಿಮಿಷಂ!" ಎಂದು ಭಾವ ದನಿ ಜೋರು ಮಾಡಲು ತಿರುಗಿದರೆ ರೇಡಿಯೋ ಗೊಟಕ್ ಎಂದಿತು. ಅದರಲ್ಲಿ ಇದ್ದದ್ದು ಹಳೆಯ ಬ್ಯಾಟರಿ. ಅದರ ಅಳಿದುಳಿದ ಜೀವವೆಲ್ಲ ಭಾವನ ಪೀಠಿಕೆಯ ಹೊತ್ತಿಗೇ ತೀರಿಹೋಗಿತ್ತು. ಹೊಸದು? ಅದು ಪಾವಗಡದ ಬಸ್ಸಿನ ಮೇಲೆ ಮುಂದಿನ ಊರಿಗೆ ಹೋಗಿತ್ತು. ಬಸ್ಸು ನಿಲ್ಲುವ ಮೊದಲೇ ಇಳಿಯುವವರಿಗೆ ಇನ್ನೇನಾಗುತ್ತದೆ? ಅಜ್ಜಿ ಭಾವನ ಪೆಚ್ಚುಮೋರೆ ನೋಡಿ ಸಮಾಧಾನ ಮಾಡಿದಳು. ಹೋಗಲಿ ಬಿಡು ಮಗಾ, ನಿನ್ನ ಮಾತೇ ಚೆನ್ನಾಗಿತ್ತು ಎಂಬ ಅರ್ಥದಲ್ಲಿ, "ಪೋನೀಲೇ ನಾಯನಾ, ನೀ ಮಾಟಲೇ ಬಾಗುಂಡಾಯಿ" ಎಂದಳು.

ಹಳ್ಳಿಗಳಲ್ಲಿ ಹೀಗೆ ಹದಗೊಳಿಸಿದ ಪೀಠಿಕೆಗಳು ಮನೆಗೆ ಬರುತ್ತಿದ್ದವು. ಭಾವ ಒಂದು ಹಳೆಯ ಗ್ರಾಮಫೋನು ತಂದಿದ್ದರು. ಅದರ ಪ್ಲೇಟುಗಳು ಪಾವಗಡದ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿ, ಅಕ್ಕಿ ಮೂಟೆಯ ಅಡಿಯಲ್ಲಿ ವಾರಗಟ್ಟಲೆ ಮಲಗಿ ನೆಟ್ಟಗಾಗುತ್ತಿದ್ದವು. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಭಾವ ಎದುರಿಗೆ ನಿಂತು ಪರಿಚಯ ಹೇಳಿ ಮುಳ್ಳು ಇಡುತ್ತಿದ್ದರು. ಅರ್ಧ ಹಾಡಾಗುವಷ್ಟರಲ್ಲಿ ಮೊಣಕಾಲು ಕುಣಿಯುತ್ತಿತ್ತು. ಮುಳ್ಳು ಎತ್ತಿ, "ಇದು ಬೇಡ, ಇನ್ನೊಂದು ಕೇಳು, ಇದಕ್ಕಿಂತ ಚೆನ್ನಾಗಿದೆ!"

ಲಖನೌ ಕಡೆಯ ಹೆಂಗಸೊಬ್ಬರ ಠುಮ್ರಿ ಕೇಳಿ ಅಕ್ಕ ಹೇಳಿದಳು: "ಪಾಪ, ಯಾರನ್ನೋ ಕರೀತಾನೇ ಇದ್ದಾರೆ. ಅವ್ರು ಬರೋ ಹೊತ್ಗೆ ನೀವು ಮುಳ್ಳು ಎತ್ತಿದ್ರಿ."

ಇಂಗ್ಲಿಷ್ ಬ್ಯಾಂಡಿನ ಊದುವಾದ್ಯಕ್ಕೆ: "ಯಾರ ಎಮ್ಮೆ ತಪ್ಪಿಸ್ಕೊಂಡಿದೆ?"

ದಕ್ಷಿಣದ ದೊಡ್ಡ ವಿದ್ವಾಂಸರ ತಾನಕ್ಕೆ: "ಇವ್ರಿಗೂ ನಿಮ್ಮಂಗೇ ಅವಸರ."

ಎಲ್ಲಕ್ಕೂ ಕೊನೆಯ ಮಾತು ಒಂದೇ: "ಚೆನ್ನಾಗಿದೆ. ಊಟಕ್ಕೇಳಿ."

ಈಗ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಅಕ್ಕ ಹಾಡುತ್ತಿದ್ದಳು. ದಿನಾ ಹಾಡುತ್ತಿದ್ದಳು! ಭಾವನ ಸೈಕಲ್ಲು ಬೀದಿಯ ತುದಿಯ ಹುಣಸೇಮರ ದಾಟಿದ ಕೂಡಲೇ ಶುರು. ಅವರ ಸೈಕಲ್ಲಿನ ಸಡಿಲವಾದ ಮಡ್‌ಗಾರ್ಡಿನ ಗಡಗಡ ನಿಂತರೆ ಅಕ್ಕನ ದನಿ ಏಳುತ್ತಿತ್ತು. ಸಂಜೆ ಆ ಗಡಗಡ ಕೇಳಿದರೆ ದನಿ ನಿಲ್ಲುತ್ತಿತ್ತು. ಇಡೀ ಬೀದಿಗೆ ಗೊತ್ತು. ಎದುರುಮನೆಯ ತಾತನವರು ಅಕ್ಕನ ಹಾಡು ಕೇಳಿಯೇ ಕಾಫಿಗೆ ಏಳುತ್ತಿದ್ದರು. ಗೊತ್ತಿಲ್ಲದವರು ನಾಲ್ಕು ತಾಲ್ಲೂಕಿಗೆ ಸಂಗೀತ ಹಂಚುತ್ತಿದ್ದ ಒಬ್ಬರೇ. ಅಕ್ಕ ಹೇಳಬೇಡ ಎಂದಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಆ ಹಾಡೂ ನಿಂತುಹೋದೀತು ಎಂಬ ಹೆದರಿಕೆ.

ಒಂದು ಬೆಳಿಗ್ಗೆ ಭಾವ ಹೊರಟು, ಮರದಿಂದಾಚೆ ಸೈಕಲ್ಲಿನ ಸರಪಳಿ ಕಳಚಿ, ಸೈಕಲ್ಲನ್ನು ಅಲ್ಲೇ ಮರಕ್ಕೊರಗಿಸಿ ಸ್ಪ್ಯಾನರು ತರಲು ನಡೆದು ಬಂದರು. ನಾನು ಜಗುಲಿಯಲ್ಲಿ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದೆ. ಒಳಗಿನಿಂದ ಅಕ್ಕನ ದನಿ. ಭಾವ ಕಿಟಕಿಯ ಕೆಳಗೆ ಹೆಜ್ಜೆ ಎತ್ತಿದವರು ಎತ್ತಿದ ಹಾಗೇ ನಿಂತರು.

"ಲೇ ಬಾಮೈದ," ಎಂದರು ಪಿಸುದನಿಯಲ್ಲಿ, "ಒಳಗೆ ಯಾರದು ಪ್ಲೇಟು?"

ಒಂದು ಅಕ್ಷರ ಕೇಳಿ ಯಾರ ದನಿಯೆಂದು ಹೇಳಬಲ್ಲ ಮನುಷ್ಯ! ನಾನು ತಲೆಯೆತ್ತಲಿಲ್ಲ. "ಪ್ಲೇಟಲ್ಲ ಭಾವ," ಎಂದೆ.

ಅವರ ಮುಖ ಒಂದು ಸಲ ಕೆಂಪಾಯಿತು, ಒಂದು ಸಲ ಬಿಳಿಚಿತು. ನಾನು ಸರಿಯಾಗಿ ನೋಡಿದ್ದೇನೆ. ಸ್ಪ್ಯಾನರೂ ತೆಗೆದುಕೊಳ್ಳದೆ ಹಿಂತಿರುಗಿ ಹೋದರು.

ಮಾರನೆಯ ದಿನದಿಂದ ಭಾವನಿಗೆ ಮರೆವು ಶುರುವಾಯಿತು! ಒಂದು ದಿನ ಟೋಪಿ ಮರೆತರು, ಒಂದು ದಿನ ಬುತ್ತಿ, ಒಂದು ದಿನ ಬ್ಯಾಟರಿಯನ್ನೇ. ಹೊರಟ ಐದು ನಿಮಿಷಕ್ಕೆ ವಾಪಸ್ಸು. ಆದರೆ ಆ ಮಡ್‌ಗಾರ್ಡು ಬಿಡಬೇಕಲ್ಲ! ಹುಣಸೇಮರದ ಹತ್ತಿರ ಬರುತ್ತಿದ್ದ ಹಾಗೇ ಗಡಗಡ; ಮನೆಯಲ್ಲಿ ಮೌನ. ಭಾವ ಮಡ್‌ಗಾರ್ಡಿಗೆ ಹಳೇ ಪಂಚೆ ಸುತ್ತಿ ಕಟ್ಟಿದರು. ಚಕ್ರಗಳಿಗೆ ಅರ್ಧ ಸೇರು ಹರಳೆಣ್ಣೆ ಕುಡಿಸಿದರು. ಚಪ್ಪಲಿ ಕೈಯಲ್ಲಿ ಹಿಡಿದು, ಸೈಕಲ್ಲನ್ನು ಹಸುಗೂಸಿನ ಹಾಗೆ ತಳ್ಳಿಕೊಂಡು, ತಮ್ಮದೇ ಬೀದಿಯಲ್ಲಿ ಗೋಡೆಗೆ ಅಂಟಿಕೊಂಡು ಬರುವುದನ್ನು ಊರೇ ನೋಡಿತು.

ಎದುರುಮನೆಯ ತಾತನವರು ಬೇವಿನ ಕಡ್ಡಿ ಬಾಯಿಂದ ತೆಗೆದು ಕೇಳಿದರು: "ಏನಯ್ಯಾ, ನಿನ್ನ ಮನೆಗೆ ನೀನೇ ಕನ್ನ ಹಾಕ್ತಿದ್ದೀಯಾ?"

"ಶ್!" ಎಂದರು ಭಾವ.

ಅಷ್ಟು ಕಷ್ಟಪಟ್ಟು ಕಿಟಕಿಯ ಕೆಳಗೆ ಬಂದು ಕೂತರೆ ಏನಾಗಬೇಕು? ಒಂದು ಸಾಲು ಕೇಳುತ್ತಿದ್ದರು. ಎರಡನೆಯ ಸಾಲಿಗೆ ಮೊಣಕಾಲು ಕುಣಿಯುತ್ತಿತ್ತು. ಮೂರನೆಯದು ಬರುವ ಮೊದಲೇ ದಾರಿಯಲ್ಲಿ ಹೋಗುತ್ತಿದ್ದ ಮೊಸರಿನವಳನ್ನೋ, ಸೌದೆಯವನನ್ನೋ ಹಿಡಿದು ನಿಲ್ಲಿಸಿ, "ಕೇಳಿ, ಕೇಳಿ! ಈ ಧಾಟಿ ಎಲ್ಲೂ ಸಿಗಲ್ಲ. ಇದನ್ನ ಹೇಗೆ ಕೇಳಬೇಕು ಅಂದ್ರೆ..." ಎಂದು ಶುರು ಮಾಡಿಬಿಡುತ್ತಿದ್ದರು. ಒಳಗೆ ಹಾಡು ಟಪ್ಪನೆ ನಿಲ್ಲುತ್ತಿತ್ತು. ಮೊಸರಿನವಳು ಒಮ್ಮೆ ಗದರಿದಳು: "ನೀವ್ ಸುಮ್ಕಿದ್ರೆ ಕೇಳ್ಬೋದಿತ್ತಲ್ಲ ಸ್ವಾಮಿ! ನಿಮ್ಮಿಂದ ನನ್ಗೂ ಹೋಯ್ತು."

ವರ್ಷಗಳು ಹೀಗೇ ಹೋದವು. ಆ ಮೂರನೇ ಸಾಲು ಅವರ ಕಿವಿಗೆ ಬೀಳಲಿಲ್ಲ.

ಅದೇ ಕಾಲದಲ್ಲಿ ಅವರಿಗೆ ಶಿರಾದ ಕಲಾಯಿ ಸಾಬರ ಸ್ನೇಹವಾಯಿತು. ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ವೃದ್ಧರು, ಊರೂರು ತಿರುಗುವವರು. ಸ್ನೇಹವಾದದ್ದು ಹೇಗೆ? ಭಾವ ಗ್ರಾಮಫೋನು ಹೊತ್ತುಕೊಂಡು ಅವರಿಗೆ ಕವ್ವಾಲಿಯನ್ನು ಪರಿಚಯ ಮಾಡಿಕೊಡಲು ಹೋಗಿದ್ದರು! ಸಾಬರು ತಿದಿ ಒತ್ತುವುದನ್ನು ನಿಲ್ಲಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡು, ಕಡೆಗೆ ಬಹಳ ಮರ್ಯಾದೆಯಿಂದ ಹೇಳಿದರು: "ಬಹುತ್ ಅಚ್ಛಾ ಸಾಬ್. ನಮ್ ಚಾಚಾ ನಲವತ್ತು ವರ್ಷದಿಂದ ದರ್ಗಾದಲ್ಲಿ ಇದನ್ನೇ ಹಾಡ್ತಾ ಇದಾರೆ."

ಭಾವನಿಗೆ ಕೊಂಚವೂ ನಾಚಿಕೆಯಾಗಲಿಲ್ಲ. "ಹಾಗಾದ್ರೆ ಅವರ ಪರಿಚಯ ಮಾಡಿಕೊಡಿ!"

"ಪರಿಚಯ ಯಾಕೆ ಸಾಬ್? ಬನ್ನಿ, ಕೂತ್ಕೊಳಿ, ಕೇಳಿ."

ಒಂದು ಗುರುವಾರ ಸಂಜೆ ದರ್ಗಾಕ್ಕೆ ಹೋಗಿ ಕೂತೆವು. ಭಾವ ಕೂತದ್ದು ಒಂಬತ್ತು ನಿಮಿಷ, ನಾನು ಗಡಿಯಾರ ನೋಡಿದ್ದೆ. ಆಮೇಲೆ ಪಕ್ಕದವರಿಗೆ ಅವರ ಹಾಡನ್ನೇ ವಿವರಿಸತೊಡಗಿದರು. ಸಾಬರು ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದರು. ಹೊರಗೆ ಬಂದ ಮೇಲೆ ಹೇಳಿದರು: "ಬುರಾ ಮತ್ ಮಾನೋ ಸಾಬ್, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲೂ ಹಾಡೋವಾಗ ಮಧ್ಯೆ ಬಾಯಿ ಹಾಕ್ತೀವಿ. ಆದ್ರೆ ಒಂದೇ ಮಾತಿಗೆ. 'ವಾಹ್' ಅನ್ನೋಕೆ. ಆಮೇಲೆ ಬಾಯಿ ಬಂದ್."

ಅಲ್ಲಿ, ಅವರ ಮುಂದೆ, ಭಾವ ಹೆಣ್ಣು ನೋಡಿದ ದಿನದ ಕತೆಯನ್ನು ಮೊದಲ ಬಾರಿಗೆ ಹೇಳಿದರು. ಪೀಠಿಕೆಯಿಲ್ಲದೆ ಹೇಳಿದರು. ಸಾಬರು ಎರಡೂ ಕೆನ್ನೆ ಮುಟ್ಟಿಕೊಂಡರು. "ತೌಬಾ ತೌಬಾ! 'ವಾಹ್' ಅನ್ನೋ ಜಾಗದಲ್ಲಿ 'ನಿಲ್ಸಿ' ಅಂದ್ರಾ?"

ಹಿಂತಿರುಗುವ ಬಸ್ಸಿನಲ್ಲಿ ಭಾವನ ಮೊಣಕಾಲು ಮಧುಗಿರಿಯವರೆಗೂ ಕುಣಿಯಿತು. ಬಾಯಿ ಮಾತ್ರ ಸುಮ್ಮನಿತ್ತು.

ಆ ವರ್ಷವೇ ನನ್ನ ಮದುವೆ. ಮದುವೆಗೆ ಎರಡು ದಿನ ಮುಂಚೆ ಕೊಳಾಲದ ಮನೆಯಲ್ಲಿ ಅರಿಶಿನ ಶಾಸ್ತ್ರ. ಅಂಗಳದ ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಕಲಾಯಿ ಸಾಬರು. ಮದುವೆ ಅಡುಗೆಯ ಪಾತ್ರೆಗಳಿಗೆ ಕಲಾಯಿ ಹಾಕಲು ಭಾವ ಅವರನ್ನೇ ಶಿರಾದಿಂದ ಕರೆಸಿದ್ದರು. ತಿದಿಯ ಬುಸುಬುಸು, ನವಸಾಗರದ ಬಿಳಿ ಹೊಗೆ. ನಾನು ಹಸೆಮಣೆಯ ಮೇಲೆ, ಮುಖದ ತುಂಬ ಅರಿಶಿನ ಮೆತ್ತಿಸಿಕೊಂಡು, ಅಲ್ಲಾಡದೆ ಕೂತಿದ್ದೆ. ತಮ್ಮನಿಗೆ ಅರಿಶಿನ ಹಚ್ಚುವಾಗ ಮೊದಲ ಹಾಡು ಅಕ್ಕನದೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ.

ಹೆಂಗಸರೆಲ್ಲ ಅಕ್ಕನ ಕಡೆ ನೋಡಿದರು. ಅಕ್ಕ ಭಾವನ ಕಡೆ ನೋಡಿದಳು. ಭಾವ ಎದ್ದರು. "ನಾನು ಹೊಲದ ಕಡೆ ಹೋಗಿರ್ತೀನಿ. ಮುಗಿದ ಮೇಲೆ ಹೇಳಿಕಳಿಸಿ," ಎಂದು ಚಪ್ಪಲಿ ಹುಡುಕತೊಡಗಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ಹೊರಟಿದ್ದರು.

"ಏನೂಂದ್ರೆ," ಎಂದಳು ಅಕ್ಕ. "ನಿಲ್ಲಿ."

ಭಾವ ನಿಂತರು.

"ನಾಕು ತಾಲ್ಲೂಕಿಗೆ ಕಂಡೋರನ್ನೆಲ್ಲಾ ಪರಿಚಯ ಮಾಡ್ಕೊಟ್ರಿ. ನನ್ನನ್ನೂ ಒಂದ್ಸಲ ಮಾಡ್ಕೊಡಿ. ಆಮೇಲೆ ಹಾಡ್ತೀನಿ."

ಹೆಂಗಸರು ಗೊಳ್ಳೆಂದು ನಕ್ಕರು. "ಆಯ್ತು, ಹಂಗಾದ್ರೆ ಅರಿಶಿನ ನಾಳೀಕೇ!" ಎಂದಳು ನಮ್ಮ ಚಿಕ್ಕಮ್ಮ. ಭಾವ ಅಂಗಳದ ನಡುವೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. "ಇವರು..." ಎಂದರು. ನಿಲ್ಲಿಸಿದರು. ಮತ್ತೆ "ಇವರು..." ಎಂದರು.

ನಾನು ನೋಡುತ್ತಲೇ ಇದ್ದೆ. ನಾಲ್ಕು ತಾಲ್ಲೂಕು ಬೆಚ್ಚಿ ಬೀಳುವ ಹಾಗೆ ಮಾತಾಡುತ್ತಿದ್ದ ಮನುಷ್ಯನಿಗೆ ಮುಂದಿನ ಮಾತು ಇರಲಿಲ್ಲ. ಯಾವ ಉಸ್ತಾದಿಗೆ ಯಾರು ಗುರು, ಯಾವ ವಿದುಷಿ ಏನು ತಿನ್ನುತ್ತಾರೆ, ಎಲ್ಲ ಬಲ್ಲವರಿಗೆ ತಮ್ಮ ಹೆಂಡತಿಗೆ ಹಾಡು ಕಲಿಸಿದವರು ಯಾರೆಂದು ಗೊತ್ತಿರಲಿಲ್ಲ. ನಗು ಮೆಲ್ಲಮೆಲ್ಲಗೆ ಅಡಗಿತು. ಭಾವ ಅಕ್ಕನ ಕಡೆ ತಿರುಗಿ, ಶಾಲೆಯ ಹುಡುಗನ ಹಾಗೆ ಕೇಳಿದರು:

"ಆ ಹಾಡು... ಯಾರ ಹತ್ರ ಕಲಿತದ್ದು?"

"ನಮ್ಮಜ್ಜಿ ಹತ್ರ."

"ಎಲ್ಲಿ?"

"ಇಲ್ಲೇ, ಇದೇ ಬಾವಿ ಕಟ್ಟೆ ಮೇಲೆ. ನೀರು ಸೇದೋವಾಗ ಹಾಡೋರು. ಎರಡು ಸಾಲಿಗೆ ಕೊಡ ಕೆಳಗಿಳಿಯೋದು. ಮೂರನೇ ಸಾಲಿಗೆ ಹಗ್ಗ ಎಳೆಯೋರು." ಅಕ್ಕ ರಾಟೆಯ ಕಡೆ ಕೈ ತೋರಿಸಿದಳು. "ತುಂಬಿದ ಕೊಡ ಮೇಲಕ್ಕೆ ಬರೋವಾಗ ಹಾಡು ಕೆಳಗೆ ಹೋಗಕ್ಕಾಗುತ್ತೇನ್ರೀ?"

ಭಾವ ಬಾವಿಯ ಕಡೆ ನೋಡಿದರು. ರಾಟೆಯನ್ನು ನೋಡಿದರು. ಆಮೇಲೆ ನೆರೆದವರಿಗೆ ಕೈಮುಗಿದು ಹೇಳಿದರು: "ಇವರು ನಮ್ಮ ಮನೆಯವರು. ಅಜ್ಜಿಯಿಂದ ಕಲಿತವರು. ಮೂರನೇ ಸಾಲು ಮೇಲಕ್ಕೆ ಹೋಗುತ್ತೆ. ಅದೇ ಸರಿ."

ಅವರ ಜೀವಮಾನದಲ್ಲೇ ಅತಿ ಚಿಕ್ಕ ಪೀಠಿಕೆ. ಹೇಳಿ, ಚಾಪೆಯ ತುದಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು ಅದುಮಿಕೊಂಡರು.

ಅಕ್ಕ ಹಾಡಿದಳು. ಪಲ್ಲವಿಯಾಯಿತು. ಮೊದಲ ಸಾಲಾಯಿತು. ಎರಡನೆಯದಾಯಿತು. ಅಂಗಳದ ಮೂಲೆಯಲ್ಲಿ ತಿದಿ ನಿಂತಿತು. ಅಕ್ಕ ಒಂದು ಗಳಿಗೆ ತಡೆದು ಭಾವನನ್ನೇ ನೋಡಿದಳು. ಭಾವನ ಬಾಯಿ ತೆರೆಯಿತು. ಮತ್ತೆ ಬಾಯಿ ಮುಚ್ಚಿತು. ಅಕ್ಕನ ದನಿ ಮೇಲಕ್ಕೇರಿತು, ನಮ್ಮಜ್ಜಿಯ ಕೊಡದ ಹಾಗೆ, ಒಂದು ಹನಿಯೂ ತುಳುಕದೆ.

"ವಾಹ್!" ಎಂದರು ಮೂಲೆಯಿಂದ ಕಲಾಯಿ ಸಾಬರು.

ಮಿಕ್ಕ ಸಾಲುಗಳೂ ಬಂದವು. ಆ ಹಾಡಿಗೆ ಐದು ನುಡಿ. ಐದನ್ನೂ ಅಕ್ಕ ಹಾಡಿದಳು. ನಾನು ಭಾವನ ಮೊಣಕಾಲನ್ನೇ ನೋಡುತ್ತಿದ್ದೆ. ಅದು ಒಮ್ಮೆಯೂ ಅಲ್ಲಾಡಲಿಲ್ಲ.

ಹಾಡು ನಿಂತಿತು. ಭಾವ ಕೇಳಿದರು, "ಮುಗೀತಾ?"

"ಹೂಂ."

"ಹಾಡು ಮುಗಿಯೋದು ಹಿಂಗಾ?"

"ಹಿಂಗೇ," ಎಂದಳು ಅಕ್ಕ. "ಕೂತಿದ್ರೆ ತಾನೆ ಗೊತ್ತಾಗೋದು?"

ಭಾವ ಎದ್ದರು. ಇನ್ನು ವಿವರಣೆ ಶುರುವಾಯಿತು ಎಂದು ಹೆಂಗಸರು ಸೆರಗು ಕೊಡವಿ ಎದ್ದೇಬಿಟ್ಟರು. ಆದರೆ ಅವರು ಬಾವಿಯ ಕಡೆಗೆ ನಡೆದರು. ಕೊಡದ ಕೊರಳಿಗೆ ಹಗ್ಗ ಬಿಗಿದು ಕೆಳಗೆ ಬಿಟ್ಟರು. ರಾಟೆ ಕಿರುಗುಟ್ಟಿತು. ನೀರು ಮುಟ್ಟಿದ ಸದ್ದು ಕೇಳಿತು. ಎಳೆದರು, ನಿಧಾನವಾಗಿ, ಕೊಡ ಮೇಲೆ ಬರುವವರೆಗೂ ತಲೆಬಾಗಿಸಿ ಆಲಿಸುತ್ತಾ. ಮತ್ತೆ ಬಿಟ್ಟರು. ಮತ್ತೆ ಎಳೆದರು. ಸಾಬರು ಆಗಷ್ಟೇ ಬೆಳ್ಳಗೆ ಹೊಳೆಸಿದ್ದ ಮದುವೆಮನೆಯ ಪಾತ್ರೆಗಳೆಲ್ಲ ತುಂಬುವವರೆಗೂ ಭಾವ ನೀರು ಸೇದಿದರು. ಯಾರಿಗೂ ಏನನ್ನೂ ವಿವರಿಸಲಿಲ್ಲ.